ಆಫ್‌ರೋಡ್ ಕಾಂಪಿಟಿಷನ್‌ಗೆ ವಿಂಚ್ ತಗೊಳೋ ಮುಂಚೆ: ಬಾಕ್ಸ್ ಮೇಲಿನ ನಂಬರ್ ನಂಬಿ ದುಡ್ಡು ಹಾಕ್ಬೇಡಿ

ಕೋಲಾರ, ಮುಳಬಾಗಿಲು, ಚಿಂತಾಮಣಿ ಕಡೆ ಜಿಪ್ಸಿ, ಥಾರ್, ಹಳೇ ಎಂಎಂ 540 ಜೀಪ್ ರೆಡಿ ಮಾಡ್ಕೊಂಡು ಕಾಂಪಿಟಿಷನ್‌ಗೆ ಹೋಗೋ ಹುಡುಗ್ರು ಈಗ ಊರಿಗೊಬ್ರು ಸಿಗ್ತಾರೆ. ಟೈರ್ ಆಯ್ತು, ಲಾಕರ್ (ಆಕ್ಸಲ್‌ನ ಎರಡೂ ಚಕ್ರ ಒಟ್ಟಿಗೆ ತಿರುಗಿಸೋದು) ಆಯ್ತು, ರೋಲ್ ಕೇಜ್ (ಗಾಡಿ ಉರುಳಿದ್ರೆ ಕಾಪಾಡೋ ಪೈಪ್ ಪಂಜರ) ಆಯ್ತು, ಆಮೇಲೆ ಬರೋ ಪ್ರಶ್ನೆ ಒಂದೇ, "ಅಣ್ಣ, ವಿಂಚ್ ಎಷ್ಟು ಸಾವಿರದ್ದು ಹಾಕ್ಸಲಿ? 9,500 ಸಾಕಾ, 12,000 ಬೇಕಾ?" ವಿಂಚ್ ಅಂದ್ರೆ ಗಾಡಿ ಮುಂದೆ ಕೂರಿಸಿ, ಡ್ರಮ್‌ಗೆ ರೋಪ್ ಸುತ್ತಿ ಹೂತ ಗಾಡಿನ ಎಳೆಯೋ ಮಿಷನ್, ಆ ಸಾವಿರ ರೂಪಾಯಿ ಲೆಕ್ಕ ಅಲ್ಲ, ಎಳೆಯೋ ತಾಕತ್ತಿನ ಲೆಕ್ಕ. ಈ ಪ್ರಶ್ನೆಗೆ ಒಂದೇ ಮಾತಲ್ಲಿ ಉತ್ತರ ಹೇಳ್ಬಹುದು, ಆದ್ರೆ ಹಾಗೆ ಹೇಳಿದ್ರೆ ಕೇಳಿದೋರಿಗೆ ಮೋಸ ಮಾಡ್ದಂಗೆ. ಯಾಕಂದ್ರೆ ಆ ನಂಬರ್ ಏನು ಹೇಳುತ್ತೆ, ಏನು ಹೇಳಲ್ಲ ಅನ್ನೋದು ಗೊತ್ತಿಲ್ದೆ ತಗೊಂಡ್ರೆ ದುಡ್ಡೂ ಹೋಗುತ್ತೆ, ಸ್ಟೇಜ್ (ಟೈಮ್ ಇಟ್ಟು ಓಡಿಸೋ ಒಂದು ಸುತ್ತು) ಮಧ್ಯದಲ್ಲಿ ಗಾಡಿನೂ ನಿಲ್ಲುತ್ತೆ. ಅದಕ್ಕೆ ಸ್ವಲ್ಪ ಉದ್ದ ಆದ್ರೂ ಪರ್ವಾಗಿಲ್ಲ ಅಂತ ಪೂರ್ತಿ ಬರೀತಾ ಇದೀನಿ.

ಮೊದಲು ಯೂನಿಟ್. ವಿಂಚ್ ರೇಟಿಂಗ್ ಎಲ್ಲಾ ಪೌಂಡ್‌ನಲ್ಲಿ ಇರುತ್ತೆ, ನಮ್ಮ ತಲೆ ಓಡೋದು ಕೆಜಿಯಲ್ಲಿ. 8,000 ಪೌಂಡ್ ಅಂದ್ರೆ ಸುಮಾರು 3,600 ಕೆಜಿ, 9,500 ಅಂದ್ರೆ 4,300 ಕೆಜಿ, 12,000 ಅಂದ್ರೆ 5,400 ಕೆಜಿ. ಖಾಲಿ ಜಿಪ್ಸಿ ಒಂದು ಟನ್ ಆಸುಪಾಸು ಇರೋ ಗಾಡಿ, ಅದಕ್ಕೆ ಯಾಕೆ ನಾಕು ಟನ್ ಎಳಿಯೋ ವಿಂಚ್ ಅಂತ ಅನ್ನಿಸೋದು ಸಹಜ. ಉತ್ತರ ಡ್ರಮ್ ಒಳಗಿದೆ.

ಆ 4,300 ಕೆಜಿ ಎಳೆತ ಸಿಗೋದು ಡ್ರಮ್ ಮೇಲೆ ಬರೀ ಒಂದೇ ಲೇಯರ್ ರೋಪ್ ಉಳಿದಿದ್ದಾಗ, ಅಂದ್ರೆ ರೋಪ್ ಹತ್ತತ್ರ ಪೂರ್ತಿ ಹೊರಗೆ ಬಿಟ್ಟಾಗ ಮಾತ್ರ. ಗೇರ್‌ಬಾಕ್ಸ್ ಡ್ರಮ್‌ಗೆ ಕೊಡೋ ತಿರುಚೋ ಶಕ್ತಿ ಅಷ್ಟೇ ಇರುತ್ತೆ, ಆದ್ರೆ ರೋಪ್ ಸುತ್ತುತ್ತಾ ಹೋದಂಗೆ ಡ್ರಮ್ ದಪ್ಪ ಆಗುತ್ತೆ, ದಪ್ಪ ಆದಷ್ಟೂ ಎಳೆಯೋ ಬಲ ಕಮ್ಮಿ ಆಗುತ್ತೆ, ಸ್ಪೀಡ್ ಜಾಸ್ತಿ ಆಗುತ್ತೆ. ಲೆಕ್ಕ ಹಾಕೇ ನೋಡಣ. ಡ್ರಮ್ 64 ಎಂಎಂ, ರೋಪ್ 10 ಎಂಎಂ ಅಂತ ಇಟ್ಕೊಳ್ಳಿ, ಈ ಸೈಜ್ ವಿಂಚ್‌ಗಳಲ್ಲಿ ಸಾಮಾನ್ಯವಾಗಿ ಇರೋದೇ ಇದು. ಮೊದಲ ಲೇಯರ್‌ನಲ್ಲಿ ಡ್ರಮ್ ನಡುವಿಂದ ರೋಪ್ ನಡುವಿಗೆ 37 ಎಂಎಂ, ಎರಡನೇದಕ್ಕೆ 47, ಮೂರನೇದಕ್ಕೆ 57, ನಾಲ್ಕನೇದಕ್ಕೆ 67. ಮೊದಲ ಲೇಯರ್‌ನಲ್ಲಿ 4,300 ಇದ್ದಿದ್ದು ಎರಡನೇ ಲೇಯರ್‌ಗೆ 3,390 ಹತ್ರ ಬಂತು, ಮೂರನೇದಕ್ಕೆ 2,790, ನಾಲ್ಕನೇದಕ್ಕೆ 2,370. ಬಾಕ್ಸ್ ಮೇಲೆ ಬರೆದಿದ್ರಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ ಉಳೀತು. ಒಳ್ಳೆ ಕಂಪನಿಗಳು ಮ್ಯಾನ್ಯುಯಲ್‌ನಲ್ಲಿ ಲೇಯರ್ ಪ್ರಕಾರ ಟೇಬಲ್ ಕೊಟ್ಟಿರ್ತಾರೆ, ವಿಂಚ್ ತಗೊಳೋ ಮುಂಚೆ ಆ ಟೇಬಲ್ ಹುಡುಕಿ ಓದಿ. ಟೇಬಲ್ಲೇ ಕೊಡದ ವಿಂಚ್ ಆದ್ರೆ ನಾನಂತೂ ತಗೊಳಲ್ಲ.

ಈಗ ಇನ್ನೊಂದು ಕಡೆ ಲೆಕ್ಕ, ಗಾಡಿಗೆ ಎಷ್ಟು ಎಳೆತ ಬೇಕು ಅನ್ನೋದು. ಎಲ್ರೂ ಹೇಳೋ ರೂಲ್ ಅಂದ್ರೆ ಗಾಡಿಯ ಪೂರ್ತಿ ಲೋಡ್ ತೂಕಕ್ಕೆ ಒಂದೂವರೆ ಪಟ್ಟು. ಟೂರಿಂಗ್ ಮಾಡೋರಿಗೆ ಅದು ಸಾಕು. ಕಾಂಪಿಟಿಷನ್‌ಗೆ ನನ್ನ ಪ್ರಕಾರ ಅಮೆರಿಕಾ ಆರ್ಮಿ ರಿಕವರಿ ಮ್ಯಾನ್ಯುಯಲ್‌ನ ಲೆಕ್ಕ ಹೆಚ್ಚು ಉಪಯೋಗ. ಚಕ್ರದ ಮಟ್ಟಕ್ಕೆ ಕೆಸರಲ್ಲಿ ಹೂತಿದ್ರೆ ಗಾಡಿ ತೂಕದಷ್ಟು ಎಳೆತ, ಫೆಂಡರ್ (ಚಕ್ರದ ಮೇಲಿನ ಮಡ್‌ಗಾರ್ಡ್) ಮಟ್ಟಕ್ಕೆ ಹೂತಿದ್ರೆ ಎರಡು ಪಟ್ಟು, ಕ್ಯಾಬಿನ್ ಮಟ್ಟಕ್ಕೆ ಇಳಿದಿದ್ರೆ ಮೂರು ಪಟ್ಟು. ಏರು ಇದ್ರೆ ಒಂದೊಂದು ಡಿಗ್ರಿಗೂ ತೂಕದ ಅರವತ್ತನೇ ಒಂದು ಭಾಗ ಸೇರಿಸ್ಬೇಕು, ಅಂದ್ರೆ 30 ಡಿಗ್ರಿ ಏರಿಗೆ ಅರ್ಧ ಗಾಡಿ ತೂಕ. ಕೆಸರಿಂದ ಎದ್ದು ಹಂಗೇ ದಡ ಹತ್ತಬೇಕು ಅಂದ್ರೆ ಎರಡನ್ನೂ ಕೂಡಿಸ್ಬೇಕು.

ತೂಕ ಅಂದಾಜಲ್ಲಿ ಹೇಳ್ಬೇಡಿ, ತೂಗಿಸಿ. ಕೋಲಾರದ ಟೊಮೇಟೊ ಮಂಡಿ ಸುತ್ತಮುತ್ತ ವೇಬ್ರಿಡ್ಜ್ ಇದೆ, ಚಿಕ್ಕಬಳ್ಳಾಪುರದ ಕಲ್ಲು ಕ್ವಾರಿಗಳ ಹತ್ರನೂ ಇದೆ. ಸ್ಟೆಪ್ನಿ, ಜಾಕ್, ಟೂಲ್ಸ್, ಫುಲ್ ಟ್ಯಾಂಕ್, ಇಬ್ರು ಒಳಗೆ ಕೂತು ಒಂದ್ಸಲ ತೂಗಿಸಿದ್ರೆ ಚೀಟಿ ಕೈಗೆ ಬರುತ್ತೆ, ಅದನ್ನ ಗಾಡೀಲೇ ಇಟ್ಕೊಳ್ಳಿ. ಕೇಜ್, ದೊಡ್ಡ ಟೈರ್, ಬಂಪರ್, ವಿಂಚ್ ಎಲ್ಲಾ ಸೇರಿದ ಜಿಪ್ಸಿ 1,400 ಕೆಜಿ ಬಂತು ಅಂತ ಇಟ್ಕೊಳ್ಳಿ. ಫೆಂಡರ್ ಮಟ್ಟದ ಕೆಸರಿಗೆ 2,800 ಕೆಜಿ ಬೇಕು. ಮೇಲಿನ ಲೆಕ್ಕದಲ್ಲಿ 9,500ರ ವಿಂಚ್ ಮೂರನೇ ಲೇಯರ್‌ನಲ್ಲಿ ಕೊಡೋದು 2,790. ನೋಡಿ, ಅಂಚಿಗೆ ಬಂದು ನಿಂತ್ಬಿಡ್ತು, ಅದೂ ಬ್ಯಾಟರಿ ಫುಲ್ ಇದ್ದು ಮೋಟರ್ ತಣ್ಣಗಿದ್ದಾಗ. 2,200 ಕೆಜಿಯ ರೆಡಿ ಮಾಡಿದ ಥಾರ್ ಆದ್ರೆ ಅದೇ ಕೆಸರಿಗೆ 4,400 ಬೇಕು, 9,500ರ ವಿಂಚ್‌ಗೆ ಒಂದನೇ ಲೇಯರ್‌ನಲ್ಲೂ ಅದು ಆಗಲ್ಲ. ಅದಕ್ಕೇ ಜಿಪ್ಸಿ, ಜಿಮ್ನಿಗೆ 8,000ದಿಂದ 9,500, ಥಾರ್, ಗೂರ್ಖಾ ತರದ ತೂಕದ ಗಾಡಿಗೆ 12,000 ಅಂತ ಎಲ್ರೂ ಹೇಳೋದು. ಮಾತು ಸರಿನೇ ಇದೆ, ಯಾಕೆ ಅಂತ ಈಗ ಗೊತ್ತಾಯ್ತಲ್ಲ.

ಹಾಗಾದ್ರೆ ಜಿಪ್ಸಿಗೂ 12,000 ಹಾಕ್ಸಿದ್ರೆ ಇನ್ನೂ ಒಳ್ಳೇದಲ್ವಾ? ಅಲ್ಲ. ಒಂದು, ತೂಕ. ದೊಡ್ಡ ವಿಂಚ್ ಸ್ಟೀಲ್ ರೋಪ್ ಸಮೇತ 40 ಕೆಜಿ ಆಸುಪಾಸು ಇರುತ್ತೆ, ಅದೆಲ್ಲಾ ಮುಂದಿನ ಆಕ್ಸಲ್‌ಗಿಂತ ಮುಂದೆ ನೇತಾಡುತ್ತೆ, ಮೂತಿ ತಗ್ಗುತ್ತೆ, ಬಂಡೆಯಿಂದ ಇಳಿಯೋವಾಗ ಗಾಡಿ ಮುಗ್ಗರಿಸೋ ಹಂಗೆ ಆಗುತ್ತೆ. ಎರಡನೇದು, ನನಗೆ ಇದೇ ಮುಖ್ಯ, ಸ್ಪೀಡ್.

ಟೂರಿಂಗ್‌ಗೂ ಕಾಂಪಿಟಿಷನ್‌ಗೂ ಇರೋ ವ್ಯತ್ಯಾಸ ಎಲ್ಲಾ ಇಲ್ಲೇ ಇರೋದು. ಕಾಡಲ್ಲಿ ಹೂತ್ಕೊಂಡ್ರೆ ಅರ್ಧ ಗಂಟೆ ಆದ್ರೂ ಯಾರೂ ಕೇಳಲ್ಲ. ಸ್ಟೇಜ್‌ನಲ್ಲಿ ಟೈಮ್ ಲಿಮಿಟ್ ಇರುತ್ತೆ, ಕೋಡ್ರೈವರ್ ರೋಪ್ ಹಿಡ್ಕೊಂಡು ಓಡಿ ಆಂಕರ್ ಹಾಕಿ (ಮರಕ್ಕೋ ಬೇರೆ ಗಟ್ಟಿ ಆಸರೆಗೋ ಕಟ್ಟಿ) ವಾಪಸ್ ಬರೋದ್ರಲ್ಲೇ ನಿಮಿಷ ಹೋಗಿರುತ್ತೆ. ಮಲೇಷ್ಯಾದಲ್ಲಿ 1997ರಲ್ಲಿ ಶುರುವಾಗಿ 2014ರಿಂದ ಗೋವಾದಲ್ಲೂ ನಡೆದ ರೇನ್‌ಫಾರೆಸ್ಟ್ ಚಾಲೆಂಜ್ ತರದ ಈವೆಂಟ್‌ನಲ್ಲಿ ವಿಂಚ್ ಅನ್ನೋದು ಎಮರ್ಜೆನ್ಸಿ ಸಾಮಾನಲ್ಲ, ಇಂಜಿನ್ ತರ ಗಾಡಿನ ಮುಂದಕ್ಕೆ ಒಯ್ಯೋ ಇನ್ನೊಂದು ದಾರಿ. ಅಲ್ಲಿ ಸೆಕೆಂಡ್ ಲೆಕ್ಕ.

ಸ್ಪೆಕ್ ಶೀಟ್‌ನಲ್ಲಿ ಲೈನ್ ಸ್ಪೀಡ್ ಅಂತ ಎರಡು ನಂಬರ್ ಇರುತ್ತೆ. ಲೋಡ್ ಇಲ್ದೆ ಸಾಮಾನ್ಯ ವಿಂಚ್ ನಿಮಿಷಕ್ಕೆ ಎಂಟು ಹತ್ತು ಮೀಟರ್ ಸುತ್ತುತ್ತೆ, ಫುಲ್ ಲೋಡ್‌ನಲ್ಲಿ ಒಂದೂವರೆ ಮೀಟರ್ ಬಂದ್ರೆ ಹೆಚ್ಚು. ಮಾರೋರು ತೋರಿಸೋದು ಮೊದಲನೇದು, ನೀವು ನೋಡ್ಬೇಕಾಗಿರೋದು ನಿಮ್ಮ ಗಾಡಿಗೆ ಸಾಮಾನ್ಯವಾಗಿ ಬೀಳೋ ಲೋಡ್‌ನಲ್ಲಿ ಎಷ್ಟು ಅಂತ. 1,400 ಕೆಜಿ ಜಿಪ್ಸಿಗೆ ಒಂದೂವರೆ ಟನ್ನಿಂದ ಎರಡು ಟನ್ ಸಾಲಲ್ಲಿ ಓದಿ. ಇಲ್ಲಿ ಗೇರ್ ರೇಶಿಯೋ ಆಟ ಆಡುತ್ತೆ. 12,000ದ ವಿಂಚ್‌ಗಳಲ್ಲಿ ಎಷ್ಟೋ ಕಡೆ ಅದೇ ಮೋಟರ್‌ಗೆ ನಿಧಾನದ ಗೇರ್ ಹಾಕಿ ಎಳೆತ ಜಾಸ್ತಿ ತೋರಿಸಿರ್ತಾರೆ, 265ಕ್ಕೆ 1 ಅಂತೆಲ್ಲಾ ಇರುತ್ತೆ, ಅಂದ್ರೆ ಮೋಟರ್ 265 ಸುತ್ತು ತಿರುಗಿದ್ರೆ ಡ್ರಮ್ ಒಂದು ಸುತ್ತು. ಮೋಟರ್ ಪವರ್ ಅಷ್ಟೇ ಇರೋವಾಗ ಎಳೆತ ಏರಿದ್ರೆ ಸ್ಪೀಡ್ ಇಳೀಲೇಬೇಕು, ಬೇರೆ ದಾರಿ ಇಲ್ಲ. ಹಗುರ ಗಾಡಿಗೆ ಅಷ್ಟು ಎಳೆತ ಬೇಡ, ಸ್ಪೀಡ್ ಬೇಕು.

ಇದೇ ಕಾರಣಕ್ಕೆ ಹಳೇ ಡಿಸೈನ್ ಒಂದು ಇವತ್ತಿಗೂ ಕಾಂಪಿಟಿಷನ್‌ನವರ ಬಾಯಲ್ಲಿದೆ. ವಾರ್ನ್ ಕಂಪನಿಯ 8274, 1974ರಲ್ಲಿ ಬಂದಿದ್ದು, 8,000 ಪೌಂಡ್, ಮೋಟರ್ ಮೇಲೆ ನಿಂತಿರುತ್ತೆ, ಒಳಗೆ ಸ್ಪರ್ ಗೇರ್, ರೇಶಿಯೋ 134ಕ್ಕೆ 1. ಲೋಡ್ ಇಲ್ದೆ ಸಾಮಾನ್ಯ ವಿಂಚ್‌ಗಿಂತ ಎರಡು ಪಟ್ಟಿಗೂ ಹೆಚ್ಚು ಸ್ಪೀಡ್. ಲೋಡ್ ಹಿಡಿಯೋ ಬ್ರೇಕು ರೋಪ್ ಡ್ರಮ್‌ನ ಹೊರಗಿದೆ, ಅದರಿಂದ ಡ್ರಮ್ ಕಾಯಲ್ಲ. ಹೊರಗಡೆ ದೇಶದ ಕಾಂಪಿಟಿಷನ್ ಗಾಡಿಗಳಲ್ಲಿ ಇದೇ ಡಿಸೈನ್‌ಗೆ ಎರಡು ಮೋಟರ್ ಕೂರಿಸ್ತಾರೆ. ಗೇರ್‌ನಲ್ಲಿ ಮೂರು ಜಾತಿ ಅಂತ ತಿಳ್ಕೊಂಡ್ರೆ ಸಾಕು. ಪ್ಲಾನೆಟರಿ, ಸಣ್ಣದು, ಉದ್ದಕ್ಕೆ ಮಲಗಿರುತ್ತೆ, ಇವತ್ತು ಮಾರ್ಕೆಟ್‌ನಲ್ಲಿ ಸಿಗೋದು ಬಹುತೇಕ ಇದೇ, ಬ್ರೇಕ್ ಬಹಳಷ್ಟರಲ್ಲಿ ಡ್ರಮ್ ಒಳಗೆ. ಸ್ಪರ್, ಫಾಸ್ಟ್, ಎತ್ತರ, ತೂಕ, ಬೆಲೆ ಎಲ್ಲಾ ಜಾಸ್ತಿ. ವರ್ಮ್, ನಿಧಾನ, ಆದ್ರೆ ಲೋಡನ್ನ ತಾನೇ ಹಿಡ್ಕೊಳುತ್ತೆ, ಲಾರಿಗೆ ಸರಿ, ಕಾಂಪಿಟಿಷನ್‌ಗೆ ಬೇಡ. ಎಣ್ಣೆ ಒತ್ತಡದಲ್ಲಿ ಓಡೋ ಹೈಡ್ರಾಲಿಕ್ ಇದೆ, ಇಂಜಿನ್ ಶಕ್ತಿನ ಗೇರ್‌ಬಾಕ್ಸ್‌ನಿಂದ ನೇರ ತಗೊಳೋ ಪಿಟಿಒ ಇದೆ, ಎರಡೂ ಬಿಸಿ ಆಗೋ ತಾಪತ್ರಯ ಇಲ್ದೆ ದಿನವಿಡೀ ಎಳೆಯುತ್ತವೆ, ಆದ್ರೆ ಇಂಜಿನ್ ಆಫ್ ಆದ್ರೆ ವಿಂಚೂ ಆಫ್. ನೀರಲ್ಲಿ ಇಂಜಿನ್ ನಿಂತೋದ ಗಾಡಿಗೆ ಅದು ಉಪಯೋಗಕ್ಕೆ ಬರಲ್ಲ, ಅದಕ್ಕೆ ಮೊದಲ ವಿಂಚ್ ಆಗಿ ಎಲೆಕ್ಟ್ರಿಕ್ಕೇ ಇರಲಿ.

ಮೋಟರ್ ವಿಷಯದಲ್ಲಿ ಸೀರೀಸ್ ವೌಂಡ್ (ಆಯಸ್ಕಾಂತದ ಬದಲು ತಂತಿ ಸುರುಳಿ ಇರೋದು) ಅಂತ ಬರೆದಿದೆಯಾ ಪರ್ಮನೆಂಟ್ ಮ್ಯಾಗ್ನೆಟ್ (ಆಯಸ್ಕಾಂತ ಇರೋದು) ಅಂತಿದೆಯಾ ನೋಡಿ. ಪರ್ಮನೆಂಟ್ ಮ್ಯಾಗ್ನೆಟ್ ಕರೆಂಟ್ ಕಮ್ಮಿ ತಿನ್ನುತ್ತೆ, ಬೆಲೆ ಕಮ್ಮಿ, ಆದ್ರೆ ಬೇಗ ಬಿಸಿ ಆಗುತ್ತೆ. ಒಂದೇ ಸ್ಟೇಜ್‌ನಲ್ಲಿ ನಾಕೈದು ಸಲ ಎಳೆಯೋ ಗಾಡಿಗೆ ಸೀರೀಸ್ ವೌಂಡೇ ಸರಿ. ಆದ್ರೆ ಯಾವ ಎಲೆಕ್ಟ್ರಿಕ್ ವಿಂಚೂ ನಿಲ್ಲಿಸ್ದೆ ಎಳೆಯೋಕೆ ಮಾಡಿದ್ದಲ್ಲ. ಫುಲ್ ಲೋಡ್‌ನಲ್ಲಿ ಒಂದು ನಿಮಿಷದೊಳಗೆ ಎಳೆದು ಹತ್ತು ನಿಮಿಷಕ್ಕೂ ಹೆಚ್ಚು ಹೊತ್ತು ಬಿಡಿ ಅಂತ ಮ್ಯಾನ್ಯುಯಲ್‌ಗಳಲ್ಲೇ ಬರೆದಿರುತ್ತೆ, ಯಾರೂ ಓದಲ್ಲ. ಮೋಟರ್ ಮೇಲೆ ಅಂಗೈ ಇಡೋಕೆ ಆಗ್ತಿಲ್ಲ ಅಂದ್ರೆ ನಿಲ್ಲಿಸಿ, ಅಷ್ಟೇ.

ಈಗ ಯಾರೂ ದುಡ್ಡು ಹಾಕದ, ಆದ್ರೆ ಮೊದಲು ದುಡ್ಡು ಹಾಕ್ಬೇಕಾದ ಜಾಗ. ಬ್ಯಾಟರಿ ಮತ್ತು ಕೇಬಲ್.

9,500ರ ವಿಂಚ್ ಲೋಡ್ ಇಲ್ದೆ 70 ಆಂಪ್ ತಿಂದ್ರೆ, ಫುಲ್ ಲೋಡ್‌ನಲ್ಲಿ 400 ದಾಟುತ್ತೆ. ಆಲ್ಟರ್ನೇಟರ್ ಕೊಡೋದು ಅದರಲ್ಲಿ ಒಂದು ಸಣ್ಣ ಪಾಲು, ಉಳಿದಿದ್ದೆಲ್ಲಾ ಬ್ಯಾಟರಿಯಿಂದಾನೇ ಹೋಗ್ಬೇಕು. ಬ್ಯಾಟರಿ ಅಂಗಡೀಲಿ ಆಂಪಿಯರ್ ಅವರ್ ಮಾತ್ರ ಹೇಳ್ತಾರೆ, ವಿಂಚ್‌ಗೆ ಬೇಕಿರೋದು ಕೋಲ್ಡ್ ಕ್ರ್ಯಾಂಕಿಂಗ್ ಆಂಪ್, ಅಂದ್ರೆ ಒಂದೇ ಏಟಿಗೆ ಎಷ್ಟು ಕರೆಂಟ್ ಕೊಡೋ ತಾಕತ್ತಿದೆ ಅನ್ನೋದು. 650ಕ್ಕೆ ಕಮ್ಮಿ ಇರ್ಬಾರ್ದು. ಸ್ಟಾರ್ಟರ್‌ಗೆ ಒಂದು, ವಿಂಚ್‌ಗೆ ಒಂದು ಅಂತ ಎರಡು ಬ್ಯಾಟರಿ ಇಟ್ರೆ ಗಾಡಿ ಸ್ಟಾರ್ಟ್ ಆಗಲ್ಲ ಅನ್ನೋ ಭಯ ಇರಲ್ಲ. ಎಳೆಯೋವಾಗ ಇಂಜಿನ್ ಆನ್ ಇರಲಿ, ಆಕ್ಸಿಲರೇಟರ್ ಸ್ವಲ್ಪ ಏರಿಸಿ ಇಡಿ.

ಕೇಬಲ್ ಲೆಕ್ಕ ನೋಡಿ. ಕಾಂಪಿಟಿಷನ್ ಗಾಡೀಲಿ ತೂಕ ಹಂಚೋಕೆ ಬ್ಯಾಟರಿನ ಸೀಟ್ ಹಿಂದೆ ಇಡ್ತೀವಿ, ಹೋಗೋಕೆ ಮೂರು ಮೀಟರ್, ಬರೋಕೆ ಮೂರು ಮೀಟರ್ ಆಯ್ತು. 25 ಸ್ಕ್ವೇರ್ ಎಂಎಂ ತಾಮ್ರದ ಕೇಬಲ್ ಹಾಕಿ 400 ಆಂಪ್ ಹರಿಸಿದ್ರೆ ಕೇಬಲ್‌ನಲ್ಲೇ 1.6 ವೋಲ್ಟ್ ಮಾಯ. ಅಷ್ಟು ಕರೆಂಟ್ ಎಳೆಯೋವಾಗ ಬ್ಯಾಟರಿ ಆಗ್ಲೇ 12ರಿಂದ ಹತ್ತೂವರೆ ಹತ್ರ ಇಳಿದಿರುತ್ತೆ, ಮೋಟರ್‌ಗೆ ಸಿಕ್ಕಿದ್ದು 9ಕ್ಕಿಂತ ಸ್ವಲ್ಪ ಕಮ್ಮಿ. 70 ಸ್ಕ್ವೇರ್ ಎಂಎಂ ಹಾಕಿದ್ರೆ ಕಳ್ಕೊಳೋದು 0.6 ವೋಲ್ಟ್ ಮಾತ್ರ. ವೋಲ್ಟೇಜ್ ಬಿದ್ರೆ ಮೋಟರ್ ನಿಧಾನ ಆಗುತ್ತೆ, ಅದೇ ಎಳೆತಕ್ಕೆ ಅದೇ ಕರೆಂಟ್‌ನ ಹೆಚ್ಚು ಹೊತ್ತು ತಿನ್ನುತ್ತೆ, ಇನ್ನೂ ಬಿಸಿ ಆಗುತ್ತೆ. ವಿಂಚ್ ವೀಕು ಅಂತ ಬೈಯ್ಯೋರಲ್ಲಿ ಎಷ್ಟೋ ಜನರ ಗಾಡೀಲಿ ವೀಕ್ ಆಗಿರೋದು ಕೇಬಲ್ಲು, ಇಲ್ಲಾಂದ್ರೆ ಅದರ ತುದಿಗೆ ಹಾಕೋ ಲಗ್ಗು. ಅರ್ಥಿಂಗ್‌ನ ಚಾಸಿಗೆ ಕೊಡ್ಬೇಡಿ, ನೆಗೆಟಿವ್ ಕೇಬಲ್ ಕೂಡ ಅದೇ ದಪ್ಪದ್ದು ನೇರ ಬ್ಯಾಟರಿಗೇ ಬರ್ಲಿ. ಲಗ್‌ನ ಸುತ್ತಿಗೇಲಿ ಕುಟ್ಟಿ ಕೂರಿಸ್ದೆ ಹೈಡ್ರಾಲಿಕ್ ಕ್ರಿಂಪಿಂಗ್ ಇರೋರ ಹತ್ರ ಮಾಡ್ಸಿ, ಬೆಂಗಳೂರಿನ ಜೆ.ಸಿ. ರೋಡಿಗೆ ಹೋಗಿ ಮಾಡ್ಸಿದ್ರೂ ಪರ್ವಾಗಿಲ್ಲ.

ಇದನ್ನ ಮನೇಲೇ ಚೆಕ್ ಮಾಡ್ಬಹುದು. ಗಾಡಿ ಮುಂದೆ ಒಂದು ಟ್ರಾಕ್ಟರ್ ನಿಲ್ಲಿಸಿ ಬ್ರೇಕ್ ಹಾಕಿ, ನಿಮ್ಮ ಗಾಡೀನೂ ಬ್ರೇಕ್ ಹಾಕಿ ವಿಂಚ್ ಲೋಡ್ ಮಾಡ್ಬೇಕು. ಆಗ ಮಲ್ಟಿಮೀಟರ್‌ನ ಕೆಂಪು ಮುಳ್ಳು ಬ್ಯಾಟರಿ ಪಾಸಿಟಿವ್ ಪೋಸ್ಟ್ ಮೇಲೆ, ಕಪ್ಪು ಮುಳ್ಳು ಕಂಟ್ರೋಲ್ ಬಾಕ್ಸ್‌ಗೆ ಪಾಸಿಟಿವ್ ಬರೋ ಬೋಲ್ಟ್ ಮೇಲೆ ಇಡಿ. ವೈರ್ ಮೊದಲೇ ಉದ್ದ ಬಿಟ್ಟು ಕ್ಲಿಪ್ ಮಾಡ್ಕೊಂಡು, ರೋಪ್ ಪಕ್ಕದಲ್ಲಿ ನಿಲ್ಲದೆ ದೂರದಿಂದ ಓದಿ. ಅಲ್ಲಿ ತೋರಿಸೋ ನಂಬರ್ರೇ ಆ ಕೇಬಲ್ ನುಂಗಿದ ವೋಲ್ಟೇಜ್. ನೆಗೆಟಿವ್ ಕಡೆಗೂ ಹಂಗೇ ಮಾಡಿ. ಒಂದೊಂದರಲ್ಲೂ ಅರ್ಧ ವೋಲ್ಟ್ ಒಳಗಿದ್ರೆ ನೆಮ್ಮದಿ, ಒಂದು ವೋಲ್ಟ್ ದಾಟಿದ್ರೆ ಹೊಸ ವಿಂಚ್ ಕನಸು ಬಿಟ್ಟು ಮೊದಲು ಕೇಬಲ್ ಬದಲಾಯ್ಸಿ. ಐಸೋಲೇಟರ್ ಸ್ವಿಚ್ ಕಡ್ಡಾಯ ಇರ್ಲಿ, ಮೋಟರ್‌ಗೆ ಕರೆಂಟ್ ಬಿಡೋ ಸ್ವಿಚ್, ಅಂದ್ರೆ ಸೊಲೆನಾಯ್ಡ್, ಒಳಗೆ ಅಂಟ್ಕೊಂಡು ವಿಂಚ್ ನಿಲ್ದೇ ಸುತ್ತುತ್ತಾ ಹೋದ್ರೆ ಕರೆಂಟ್ ಕಟ್ ಮಾಡೋಕೆ ಅದೊಂದೇ ದಾರಿ, ಡ್ರೈವರ್ ಕೈಗೆ ಎಟುಕೋ ಜಾಗದಲ್ಲಿ ಇರ್ಬೇಕು. ಸಾಧ್ಯ ಆದ್ರೆ ಸಣ್ಣ ಸೊಲೆನಾಯ್ಡ್‌ಗಳ ಬದಲು ಒಂದೇ ಸೀಲ್ಡ್ ಕಾಂಟ್ಯಾಕ್ಟರ್ ಇರೋದನ್ನ ಹಾಕ್ಸಿ, ಕಂಟ್ರೋಲ್ ಬಾಕ್ಸ್‌ನ ಬಂಪರ್‌ನಿಂದ ಬಿಚ್ಚಿ ಮೇಲೆ ಬಾನೆಟ್ ಒಳಗೆ ತಂದಿಡಿ.

ರೋಪ್ ವಿಷಯಕ್ಕೆ ಬಂದ್ರೆ, ಕಾಂಪಿಟಿಷನ್‌ಗೆ ಸಿಂಥೆಟಿಕ್, ಇದರಲ್ಲಿ ನನಗೆ ಎರಡು ಮಾತಿಲ್ಲ. 30 ಮೀಟರ್ ಸ್ಟೀಲ್ ರೋಪ್ ಹತ್ತು ಕೆಜಿ ಇದ್ರೆ ಅಷ್ಟೇ ಉದ್ದದ ಡೈನೀಮಾ (ಸಿಂಥೆಟಿಕ್ ನಾರಿನ ರೋಪ್) ಎರಡು ಕೆಜಿ ಹತ್ರ, ನೀರಲ್ಲಿ ತೇಲುತ್ತೆ, ಕೋಡ್ರೈವರ್ ಹೆಗಲ ಮೇಲೆ ಹಾಕ್ಕೊಂಡು ಓಡ್ಬಹುದು. ಕಿತ್ರೆ ಸ್ಟೀಲ್ ತರ ಚಾಟಿ ಬೀಸಿದಂಗೆ ವಾಪಸ್ ಬರಲ್ಲ, ಕಿತ್ತೋದ್ರೆ ಅಲ್ಲೇ ಎಳೆ ಹೆಣೆದು ಸೇರಿಸಿ ಸ್ಟೇಜ್ ಮುಗಿಸ್ಬಹುದು. ಆದ್ರೆ ಅದರ ಶತ್ರು ಎರಡು, ಬಿಸಿ ಮತ್ತು ಕಲ್ಲು. ಆ ನಾರು 145 ಡಿಗ್ರಿ ದಾಟೋ ಹೊತ್ತಿಗೆ ಕರಗೋಕೆ ಶುರು, ಅದಕ್ಕಿಂತ ಬಹಳ ಮುಂಚೆನೇ ಶಕ್ತಿ ಕಳ್ಕೊಳುತ್ತೆ. ರೋಪ್ ಡ್ರಮ್ ಒಳಗೇ ಬ್ರೇಕ್ ಇರೋ ವಿಂಚ್‌ನಲ್ಲಿ ಪವರ್ ಕೊಟ್ಟು ಗಾಡಿನ ಇಳಿಜಾರಲ್ಲಿ ನಿಧಾನಕ್ಕೆ ಬಿಟ್ರೆ ಬ್ರೇಕ್ ಬಿಸಿ ಎಲ್ಲಾ ಡ್ರಮ್‌ಗೇ ಬರುತ್ತೆ. ಅಂಥ ವಿಂಚ್‌ನ ರೋಪ್ ಪೂರ್ತಿ ಬಿಚ್ಚಿ ನೋಡಿದ್ರೆ ಡ್ರಮ್‌ಗೆ ತಾಗಿರೋ ಕೊನೇ ಎರಡು ಮೀಟರ್ ಗಟ್ಟಿಯಾಗಿ, ಪ್ಲಾಸ್ಟಿಕ್ ತರ ಮಿರಮಿರ ಮಿಂಚ್ತಾ, ಮಡಚಿದ್ರೆ ಕಟಕಟ ಅಂತಿರುತ್ತೆ. ಅಷ್ಟು ಭಾಗ ಸತ್ತಿದೆ ಅಂತ ಅರ್ಥ, ಕತ್ತರಿಸಿ ಬಿಸಾಕಿ. ಈ ತರ ಕೆಲಸ ಜಾಸ್ತಿ ಇದ್ರೆ ಬ್ರೇಕ್ ಹೊರಗಿರೋ ವಿಂಚೇ ನೋಡಿ, ಇಲ್ಲಾಂದ್ರೆ ಡ್ರಮ್ ಕಡೆಯ ಉದ್ದಕ್ಕೆ ಬಿಸಿ ತಡೆಯೋ ಸ್ಲೀವ್ ಇರೋ ರೋಪ್ ತಗೊಳ್ಳಿ.

ಕಲ್ಲಿನ ವಿಷಯ ನಮ್ಮ ಜಿಲ್ಲೆಗಳಲ್ಲಿ ಸಣ್ಣದಲ್ಲ. ಅಂತರಗಂಗೆ, ಆವಣಿ, ಸ್ಕಂದಗಿರಿ, ಗುಡಿಬಂಡೆ, ಆ ಕಡೆ ಮಧುಗಿರಿ, ಎಲ್ಲಾ ಗ್ರಾನೈಟ್ ಗುಂಡುಗಳ ಸೀಮೆ, ಆ ಕಲ್ಲಿನ ಅಂಚು ಲೋಡ್‌ನಲ್ಲಿರೋ ಸಿಂಥೆಟಿಕ್ ರೋಪ್‌ನ ಬ್ಲೇಡ್ ತರ ಕುಯ್ಯುತ್ತೆ. ಮುಂದಿನ ಮೂರು ನಾಕು ಮೀಟರ್‌ಗೆ ಓಡಾಡೋ ಸ್ಲೀವ್ ಹಾಕಿ, ಬಂಡೆ ಅಂಚಿಗೆ ಹಳೇ ಟೈರ್ ತುಂಡು ಇಲ್ಲಾ ರಬ್ಬರ್ ಮ್ಯಾಟ್ ಇಡಿ. ರೋಪ್ ಹೊರಗೆ ಬರೋ ಬಾಯಿ, ಅಂದ್ರೆ ಫೇರ್‌ಲೀಡ್, ಅಲ್ಯೂಮಿನಿಯಂ ಹಾಸ್ (ರೋಲರ್ ಇಲ್ಲದ ನಯವಾದ ಬಾಯಿ) ಇರ್ಲಿ, ಸ್ಟೀಲ್ ರೋಪ್ ಓಡಾಡಿ ಗೀರು ಬಿದ್ದಿರೋ ಹಳೇ ಫೇರ್‌ಲೀಡ್‌ನಲ್ಲಿ ಮಾತ್ರ ಸಿಂಥೆಟಿಕ್ ಓಡಿಸ್ಬೇಡಿ.

ಉದ್ದ ಎಷ್ಟಿರ್ಬೇಕು? ಇಲ್ಲಿ ಬಹಳ ಜನ ಯೋಚನೆ ಮಾಡಲ್ಲ. ಡ್ರಮ್ ಮೇಲೆ 30 ಮೀಟರ್ ಸುತ್ತಿಟ್ರೆ ಹತ್ತು ಮೀಟರ್ ಬಿಟ್ಟು ಎಳೆಯೋವಾಗ ನೀವು ಮೂರನೇ ನಾಲ್ಕನೇ ಲೇಯರ್‌ನಲ್ಲಿರ್ತೀರ, ಅಂದ್ರೆ ಮೇಲೆ ಲೆಕ್ಕ ಹಾಕಿದಂಗೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಶಕ್ತಿ ಅಷ್ಟೇ. ಡ್ರಮ್ ಮೇಲೆ 20 ಮೀಟರ್ ಇಟ್ಟು ಇನ್ನೊಂದು 15 ಮೀಟರ್ ಎಕ್ಸ್‌ಟೆನ್ಷನ್ ರೋಪ್ ಬೇರೆ ಬ್ಯಾಗಲ್ಲಿ ಇಟ್ಕೊಂಡ್ರೆ, ದೊಡ್ಡ ವಿಂಚ್‌ಗೆ ದುಡ್ಡು ಹಾಕ್ದೆ ಅದೇ ವಿಂಚ್‌ನ ಎಳೆತ ಜಾಸ್ತಿ ಆಯ್ತು. ಸಿಂಥೆಟಿಕ್ ಆದ್ರೆ ಡ್ರಮ್ ಮೇಲೆ ಕಮ್ಮಿ ಅಂದ್ರೂ ಹತ್ತು ಸುತ್ತು ಉಳಿದಿರ್ಲಿ, ಸ್ಟೀಲ್‌ಗೆ ಐದು. ರೋಪ್‌ನ ಹಿಡ್ಕೊಂಡಿರೋದು ಆ ಸುತ್ತುಗಳ ಉಜ್ಜುವಿಕೆನೇ ಹೊರತು ತುದಿಯ ಸಣ್ಣ ಬೋಲ್ಟ್ ಅಲ್ಲ.

ಇನ್ನು ಸ್ನ್ಯಾಚ್ ಬ್ಲಾಕ್, ಅಂದ್ರೆ ಬಾವಿ ರಾಟೆ ತರದ್ದೇ, ಪಕ್ಕ ತೆಗೆದು ರೋಪ್ ನಡುವಿಂದ ಹಾಕೋ ಹಂಗೆ ಮಾಡಿರ್ತಾರೆ. ರೋಪ್ ಮರದ ಹತ್ರ ಹೋಗಿ ರಾಟೆ ಸುತ್ತಿ ವಾಪಸ್ ಗಾಡಿಗೇ ಬಂದ್ರೆ ಎಳೆತ ಎರಡು ಪಟ್ಟು, ಉಜ್ಜಿ ಹೋಗೋದು ಸ್ವಲ್ಪ ಕಳ್ಕೊಂಡು. ಸ್ಪೀಡ್ ಅರ್ಧ ಆಗುತ್ತೆ ಅಂತ ಕಾಂಪಿಟಿಷನ್‌ನಲ್ಲಿ ಇದನ್ನ ಬೇಡ ಅನ್ನೋರು ಬಹಳ. ಪೂರ್ತಿ ನಿಜ ಅಲ್ಲ. ಲೋಡ್ ಅರ್ಧ ಆದಾಗ ಮೋಟರ್ ತಾನೇ ಜೋರಾಗಿ ತಿರುಗುತ್ತೆ, ಸೀರೀಸ್ ಮೋಟರ್‌ನ ಗುಣನೇ ಅದು, ಕರೆಂಟ್ ಕಮ್ಮಿ ತಿನ್ನುತ್ತೆ, ರೋಪ್ ಹೆಚ್ಚು ಹೊರಗೆ ಹೋಗಿರೋದ್ರಿಂದ ಡ್ರಮ್‌ನಲ್ಲಿ ಲೇಯರ್ರೂ ಕಮ್ಮಿ. ಅಂಚಿನ ಲೋಡ್‌ನಲ್ಲಿ ಮುಕ್ಕರಿಸ್ತಾ ಒಂದೇ ಲೈನಲ್ಲಿ ಎಳೆಯೋದಕ್ಕಿಂತ ಡಬಲ್ ಲೈನ್ ಎಷ್ಟೋ ಸಲ ಬೇಗ ಮುಗಿಯುತ್ತೆ, ಮುಂದಿನ ಸ್ಟೇಜ್‌ಗೆ ಮೋಟರ್ ತಣ್ಣಗೂ ಇರುತ್ತೆ. ಹಗುರವಾದ ಫಾಸ್ಟ್ ವಿಂಚ್ ತಗೊಂಡು, ಕಷ್ಟದ ಜಾಗಕ್ಕೆ ಸ್ನ್ಯಾಚ್ ಬ್ಲಾಕ್ ಹಾಕೋದು, ನನ್ನ ಪ್ರಕಾರ ಜಿಪ್ಸಿಯವರಿಗೆ ಇದೇ ಸರಿ ಜೋಡಿ. ಒಂದು ಮಾತ್ರ ನೆನಪಿರ್ಲಿ, ರಾಟೆ ಕಟ್ಟಿರೋ ಮರಕ್ಕೆ, ಸ್ಟ್ರಾಪ್‌ಗೆ, ಅವೆರಡನ್ನ ಸೇರಿಸೋ ಕೊಂಡಿ ಅಂದ್ರೆ ಶ್ಯಾಕಲ್‌ಗೆ ಬೀಳೋದು ವಿಂಚ್ ಎಳೆತದ ಎರಡು ಪಟ್ಟು, ಅವುಗಳ ರೇಟಿಂಗ್ ಅದಕ್ಕೆ ತಕ್ಕಂಗೆ ಇರ್ಬೇಕು.

ಮರ ಅಂದಾಗ ಒಂದು ಮಾತು. ನಮ್ಮ ಕಡೆ ಕಣ್ಣಿಗೆ ಕಾಣೋದೆಲ್ಲಾ ನೀಲಗಿರಿ, ಬಳ್ಳಾರಿ ಜಾಲಿ. ತೆಳ್ಳನೆ ನೀಲಗಿರಿ ಒಂದಕ್ಕೇ ಎರಡು ಟನ್ ಕಟ್ಬೇಡಿ, ಎರಡು ಮೂರು ಮರಕ್ಕೆ ಸೇರಿಸಿ ಬುಡದಲ್ಲಿ ಕಟ್ಟಿ. ಹುಣಸೆ, ಹೊಂಗೆ, ಆಲ ಸಿಕ್ಕಿದ್ರೆ ಪುಣ್ಯ, ಆದ್ರೆ ಅಗಲವಾದ ಟ್ರೀ ಸ್ಟ್ರಾಪ್ ಇಲ್ದೆ ರೋಪ್‌ನ ನೇರ ಸುತ್ತಿ ತೊಗಟೆ ಕುಯ್ಯೋದು ಬೇಡ, ಆ ಮರ ನೆಟ್ಟೋರು ಯಾರೋ ಇರ್ತಾರೆ. ರೋಪ್‌ನ ವಾಪಸ್ ತಂದು ಅದಕ್ಕೇ ಕೊಕ್ಕೆ ಹಾಕೋದಂತೂ ಮಾಡ್ಲೇಬಾರ್ದು. ಕೆರೆ ಅಂಗಳದಲ್ಲಿ ಮರನೇ ಇರಲ್ಲ. 2018ರಿಂದ ಕೆ.ಸಿ. ವ್ಯಾಲಿ ನೀರು (ಬೆಂಗಳೂರಿಂದ ಶುದ್ಧ ಮಾಡಿ ಕಳಿಸೋ ಕೊಳಚೆ ನೀರು) ಬಂದ ಮೇಲೆ ಕೋಲಾರದ ಕಡೆ ಎಷ್ಟೋ ಕೆರೆ ಅಂಚು ಮೇಲೆ ಒಣಗಿದಂಗೆ ಕಂಡ್ರೂ ಒಳಗೆ ಗೋಡು ಮಣ್ಣು ಹಸಿ ಇರುತ್ತೆ, ಅದು ಚಕ್ರನ ಕಚ್ಕೊಂಡ್ರೆ ಬಿಡಲ್ಲ. ಅಂಥ ಜಾಗದಲ್ಲಿ ಪ್ರಾಕ್ಟೀಸ್‌ಗೆ ಊರೋರನ್ನ ಕೇಳದೆ ಇಳಿಬೇಡಿ. ಇಳಿದ್ರೆ ಆಂಕರ್‌ಗೆ ಸ್ಟೆಪ್ನಿನೇ ಗತಿ, ಮುಂದೆ ಮೊಣಕಾಲಿಗಿಂತ ಆಳಕ್ಕೆ ಗುಂಡಿ ತೋಡಿ, ಸ್ಟ್ರಾಪ್ ಕಟ್ಟಿದ ಸ್ಟೆಪ್ನಿ ಹೂತು, ಸ್ಟ್ರಾಪ್ ಬರೋ ದಾರಿಗೆ ಓರೆಯಾಗಿ ಕಾಲುವೆ ತೆಗೆದು, ಮಣ್ಣು ಮುಚ್ಚಿ ತುಳಿದು ಆಮೇಲೆ ಎಳೆಯೋದು. ಬೆವರು ಇಳಿಯೋ ಕೆಲಸ, ಆದ್ರೆ ಬರುತ್ತೆ.

ಫಿಟ್ಟಿಂಗ್‌ನಲ್ಲಿ ಬಂಪರ್ ಶೀಟ್‌ಗೆ ವಿಂಚ್ ಬೋಲ್ಟ್ ಮಾಡೋ ವರ್ಕ್‌ಶಾಪ್ ಸಿಕ್ಕಿದ್ರೆ ವಾಪಸ್ ಬನ್ನಿ. ಎರಡೂ ಚಾಸಿ ರೈಲ್‌ಗೆ ಹಿಡ್ಕೊಂಡಿರೋ ಕಮ್ಮಿ ಅಂದ್ರೆ 6 ಎಂಎಂ ಪ್ಲೇಟ್, ಅದಕ್ಕೆ ನಾಕು ಬೋಲ್ಟ್, 8.8 ಗ್ರೇಡ್. ಬಹುತೇಕ ವಿಂಚ್‌ಗಳ ಬೋಲ್ಟ್ ತೂತು 254 ಎಂಎಂಗೆ 114 ಎಂಎಂ ಅಂತರದಲ್ಲೇ ಇರುತ್ತೆ, ಹಾಗಾಗಿ ನಾಳೆ ಬೇರೆ ಕಂಪನಿದು ಹಾಕ್ಸಿದ್ರೂ ಪ್ಲೇಟ್ ಬದಲಾಯ್ಸೋ ಕೆಲಸ ಬೀಳಲ್ಲ. ರೋಪ್‌ನ ಕೈಯಲ್ಲೇ ಎಳ್ಕೊಳೋಕೆ ಡ್ರಮ್ ಸಡಿಲ ಬಿಡೋ ಫ್ರೀಸ್ಪೂಲ್ ಲಿವರ್ ಕೆಸರು ಕೈಯಲ್ಲೂ ಹಿಡಿದು ತಿರುಗಿಸೋಕೆ ಆಗುತ್ತಾ ಅಂತ ಫಿಟ್ ಮಾಡೋವಾಗ್ಲೇ ನೋಡ್ಕೊಳ್ಳಿ, ಬಂಪರ್ ಒಳಗೆ ಬೆರಳೇ ಹೋಗದಂಗೆ ಕೂರಿಸಿರ್ತಾರೆ. ರೋಡ್ ಗಾಡಿ ಆದ್ರೆ ಇನ್ನೊಂದಿದೆ, 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಬುಲ್ ಬಾರ್, ಕ್ರ್ಯಾಶ್ ಗಾರ್ಡ್ ವಿರುದ್ಧ ಕ್ರಮ ತಗೊಳಿ ಅಂತ ರಾಜ್ಯಗಳಿಗೆ ಬರೆದಿದೆ, ದೊಡ್ಡ ಬಂಪರ್ ಹಾಕ್ಕೊಂಡು ಹೈವೇಲಿ ಓಡಾಡಿದ್ರೆ ಫೈನ್ ಬೀಳ್ಬಹುದು. ಕಾಂಪಿಟಿಷನ್ ಗಾಡಿನ ಟ್ರೈಲರ್ ಇಲ್ಲಾ ಲಾರಿ ಮೇಲೆ ಒಯ್ಯೋದೇ ಕ್ಷೇಮ.

ಬ್ರ್ಯಾಂಡ್ ಯಾವುದು ಅಂತ ಕೇಳ್ತೀರ. ವಾರ್ನ್, ಕಮ್‌ಅಪ್, ರನ್ವಾ, ಟಿ ಮ್ಯಾಕ್ಸ್, ಇವೆಲ್ಲಾ ಓಡಿಸ್ತಿರೋರು ಇದ್ದಾರೆ. ನಾನು ಕೇಳೋ ಪ್ರಶ್ನೆ ಬೇರೆ. ಬ್ರೇಕ್ ಕಿಟ್, ಸೊಲೆನಾಯ್ಡ್, ಮೋಟರ್ ಬ್ರಷ್, ಸೀಲ್ ಇವು ನಾಕೂ ಇಂಡಿಯಾದಲ್ಲಿ ಎಷ್ಟು ದಿನಕ್ಕೆ ಸಿಗುತ್ತೆ ಅಂತ ಮಾರೋರ ಬಾಯಿಂದ ಹೇಳಿಸಿ. ವಿಂಚ್ ಮೊದಲ ಕೆಸರಿನ ಈವೆಂಟ್ ಮುಗಿದಾಗ್ಲೇ ಸರ್ವಿಸ್‌ಗೆ ಬರುತ್ತೆ, ಸ್ಪೇರ್ ಸಿಗದ ವಿಂಚ್ ಎಷ್ಟೇ ಫಾಸ್ಟ್ ಇದ್ರೂ ಮುಂದಿನ ಈವೆಂಟ್‌ಗೆ ಬರೀ ತೂಕ.

ತಂದ ಮೇಲೆ ಮೊದಲ ದಿನನೇ ಸುತ್ತಿ ಬಂದಿರೋ ರೋಪ್ ಪೂರ್ತಿ ಬಿಚ್ಚಿ, ಖಾಲಿ ಜಾಗದಲ್ಲಿ ಗಾಡಿನ ನ್ಯೂಟ್ರಲ್‌ನಲ್ಲಿಟ್ಟು, ಇನ್ನೊಬ್ರು ಒಳಗೆ ಕೂತು ಬ್ರೇಕ್ ಸ್ವಲ್ಪ ಒತ್ತಿಕೊಂಡಿರೋ ಹಂಗೆ ಲೋಡ್ ಕೊಟ್ಟು, ಪಕ್ಕಪಕ್ಕ ಸುತ್ತು ಬರೋ ಹಂಗೆ ವಾಪಸ್ ಸುತ್ತಿ. ಸಡಿಲ ಸುತ್ತಿದ್ರೆ ಮೊದಲ ಜೋರು ಎಳೆತದಲ್ಲೇ ಮೇಲಿನ ರೋಪ್ ಕೆಳಗಿನ ಲೇಯರ್ ಒಳಗೆ ಹೂತ್ಕೊಳುತ್ತೆ. ಎಳೆಯೋವಾಗ ರೋಪ್ ಮೇಲೆ ಡ್ಯಾಂಪರ್ ಇಲ್ಲಾ ಒದ್ದೆ ಗೋಣಿಚೀಲ ಇರ್ಲಿ, ಬಿಟ್ಟಿರೋ ರೋಪ್ ಎಷ್ಟುದ್ದ ಇದೆಯೋ ಅಷ್ಟು ದೂರದೊಳಗೆ ಕೋಡ್ರೈವರ್ ಬಿಟ್ಟು ಬೇರೆ ಯಾರೂ ಇರ್ಬಾರ್ದು, ಲೋಡ್‌ನಲ್ಲಿರೋ ರೋಪ್ ದಾಟೋದು ಯಾರಿಗೂ ಬೇಡ. ಈವೆಂಟ್ ಮುಗಿದ ರಾತ್ರಿ ಎಷ್ಟೇ ಸುಸ್ತಾಗಿದ್ರೂ ರೋಪ್ ಬಿಚ್ಚಿ ಬಕೆಟ್ ನೀರಲ್ಲಿ ಹಾಕಿಡಿ, ನಾರಿನ ಮಧ್ಯೆ ಸೇರಿರೋ ಮರಳು ಒಳಗಿಂದ ಕುಯ್ಯುತ್ತೆ, ಮೂರು ನಾಕು ಸಲ ನೀರು ಬದಲಾಯಿಸಿ ಹಿಂಡಿ ನೆರಳಲ್ಲಿ ಒಣಗಿಸಿ, ಬಿಸಿಲಲ್ಲಿ ಬೇಡ. ಅದು ಒಣಗೋ ಹೊತ್ತಿಗೆ ಮೋಟರ್ ಕಡೆಯ ಡ್ರೈನ್ ಪ್ಲಗ್ ಇದ್ರೆ ಬಿಚ್ಚಿ ನೀರು ಇಳಿಸಿ, ಲಗ್‌ಗಳಿಗೆ ಗ್ರೀಸ್ ಸವರಿ, ಖಾಲಿ ಡ್ರಮ್‌ನ ಎರಡೂ ಕಡೆಗೆ ಒಂದೆರಡು ನಿಮಿಷ ತಿರುಗಿಸಿ ಒಳಗಿಂದ ಮರಳಿನ ಸದ್ದು ಬರ್ತಿದೆಯಾ ಕೇಳಿ. ಬಂತು ಅಂದ್ರೆ ಗೇರ್‌ಬಾಕ್ಸ್ ಬಿಚ್ಚಿ ತೊಳೆದು ಹೊಸ ಗ್ರೀಸ್ ತುಂಬಿಸ್ಬೇಕು, ಅದನ್ನ ಮುಂದಿನ ವಾರಕ್ಕೆ ತಳ್ಬೇಡಿ.